ಬೂಸ್ಟರ್ ಕೊಳ್ಳುವ ಮೊದಲು ಪಕ್ಕದ ಮನೆಯ ಆಂಟೆನಾ ನೋಡಿ

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಇಳಿಜಾರಿನಲ್ಲಿ ಹೊಸದಾಗಿ ಮನೆ ಮಾಡಿದ್ದೀರಿ. ಸಂಜೆಯಾದರೆ ಫ್ರೀವ್ಯೂ, ಅಂದರೆ ಆಂಟೆನಾದಿಂದ ಪುಕ್ಕಟೆಯಾಗಿ ಸಿಗುವ ಇಲ್ಲಿನ ಟಿವಿಯ ಚಿತ್ರ, ಚೌಕ ಚೌಕವಾಗಿ ಒಡೆಯುತ್ತದೆ. ಸಿಗ್ನಲ್ ಏರಿಸುವ ಬೂಸ್ಟರ್ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಇದೇ ಊರಿನಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಅಂಗಡಿಗೆ ಹೋಗಿದ್ದೆ.

2021ರ ಚಳಿಗಾಲ, ಲಾಕ್‌ಡೌನ್ ಸಮಯ. ಹಾಸನದಿಂದ ಬಂದಿದ್ದ ಅಪ್ಪ ವಾಪಸ್ ಹೋಗಲಾಗದೆ ನಮ್ಮಲ್ಲೇ ಉಳಿದಿದ್ದರು. ಹೊರಗೆ ಕತ್ತಲೆ, ಚಳಿ. ಮಾತಾಡಲು ನೆರೆಹೊರೆ ಇಲ್ಲ. ನಾವು ಆಗಷ್ಟೇ ಊರಿನ ದಕ್ಷಿಣಕ್ಕೆ, ಆಬಿಡೇಲ್ ರಸ್ತೆಯ ಕಡೆಗೆ ಮನೆ ಬದಲಾಯಿಸಿದ್ದೆವು. ಬ್ರಾಡ್‌ಬ್ಯಾಂಡ್ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಭಾರತದಲ್ಲಿ ನಡೆಯುವ ಇಂಗ್ಲೆಂಡ್ ಟೆಸ್ಟ್ ಸರಣಿಯನ್ನು ಚಾನೆಲ್ 4 ನೇರವಾಗಿ ತೋರಿಸುತ್ತದೆ ಅನ್ನುವ ಸುದ್ದಿ ಬಂತು. ಈ ದೇಶದಲ್ಲಿ ಟೆಸ್ಟ್ ಪಂದ್ಯವನ್ನು ದುಡ್ಡು ಕಟ್ಟದೆ ನೇರವಾಗಿ ನೋಡಲು ಸಿಕ್ಕಿದ್ದು 2005ರ ಆಶಸ್ ಆದ ಮೇಲೆ ಅದೇ ಮೊದಲು. ಚೆನ್ನೈನಲ್ಲಿ ಒಂಬತ್ತೂವರೆ ಅಂದರೆ ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ಅಪ್ಪ ಮೂರೂವರೆಗೇ ಎದ್ದು ಕಾಫಿ ಮಾಡಿಕೊಂಡು ಟಿವಿ ಮುಂದೆ ಕೂರುತ್ತಿದ್ದರು. ತಿಂಗಳುಗಟ್ಟಲೆ ಆದ ಮೇಲೆ ಅವರ ಮುಖದಲ್ಲಿ ಉತ್ಸಾಹ ಕಂಡಿದ್ದೆ.

ಮೊದಲ ಟೆಸ್ಟಿನಲ್ಲಿ ಜೋ ರೂಟ್ 218 ಹೊಡೆದರು. ನಮ್ಮ ಟಿವಿಯಲ್ಲಿ ಅದರಲ್ಲಿ ಅರ್ಧದಷ್ಟು ಕಂಡಿರಬಹುದು. ಬೌಲರ್ ಓಡಿ ಬರುವಾಗ ಚಿತ್ರ ಚೆನ್ನಾಗಿರುತ್ತಿತ್ತು. ಚೆಂಡು ಪಿಚ್ ಆಗುವ ಹೊತ್ತಿಗೆ ಒಡೆದು ನಿಂತುಬಿಡುತ್ತಿತ್ತು. ಆಮೇಲೆ 'ಸಿಗ್ನಲ್ ಇಲ್ಲ' ಅನ್ನುವ ಕಪ್ಪು ಪರದೆ.

ಹೊರಗೆ ಹೋಗಿ ಮಾಡಿನ ಕಡೆ ನೋಡಿದೆ. ಆಂಟೆನಾ ಗಟ್ಟಿಯಾಗಿಯೇ ನಿಂತಿತ್ತು. ಅಕ್ಕಪಕ್ಕದ ಮನೆಗಳ ಆಂಟೆನಾಗಳು ಯಾವ ಕಡೆ ಮುಖ ಮಾಡಿದ್ದವೋ ನಮ್ಮದೂ ಅದೇ ಕಡೆ ಮುಖ ಮಾಡಿತ್ತು. ಹಾಗಾಗಿ ದಿಕ್ಕು ಸರಿ ಇದೆ, ಸಿಗ್ನಲ್ ಕಡಿಮೆ ಇದೆ ಅಂತ ತೀರ್ಮಾನ ಮಾಡಿದೆ. ಅಂಗಡಿಯಲ್ಲೂ ಅದನ್ನೇ ಹೇಳಿದರು. ಬೂಸ್ಟರ್ ತಂದು ಟಿವಿಯ ಹಿಂದೆ ಸಿಕ್ಕಿಸಿದೆ. ಟಿವಿಯ ಮೆನುವಿನಲ್ಲಿ ಸಿಗ್ನಲ್ ಬಲದ ಪಟ್ಟಿ ಒಮ್ಮೆಲೇ ಮೇಲಕ್ಕೆ ಹೋಯಿತು. ಚಿತ್ರ ಮಾತ್ರ ಮೊದಲಿಗಿಂತ ಜಾಸ್ತಿ ಒಡೆಯಿತು.

ನೀವೂ ಈಗ ಇದೇ ಜಾಗದಲ್ಲಿ ಇದ್ದೀರಿ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿವಿಯ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಬಲ, ಇನ್ನೊಂದು ಗುಣಮಟ್ಟ. ಬೂಸ್ಟರ್ ಏರಿಸುವುದು ಬಲವನ್ನು ಮಾತ್ರ. ಮದುವೆ ಮನೆಯ ಗಲಾಟೆಯಲ್ಲಿ ಯಾರೋ ಪಿಸುಗುಟ್ಟಿದ್ದನ್ನು ರೆಕಾರ್ಡ್ ಮಾಡಿ, ಮನೆಗೆ ಬಂದು ಜೋರಾಗಿ ಹಾಕಿದರೆ ಪಿಸುಮಾತು ಕೇಳುತ್ತದೆಯೇ? ಗಲಾಟೆಯೂ ಅಷ್ಟೇ ಜೋರಾಗುತ್ತದೆ. ಆಂಟೆನಾದಲ್ಲೇ ಸಿಗ್ನಲ್ ಕೆಟ್ಟಿದ್ದರೆ, ಹಳೆಯ ಕೇಬಲಿನಲ್ಲಿ ಇಳಿದು ಬರುವಷ್ಟರಲ್ಲಿ ಅದು ಇನ್ನೂ ಸೊರಗುತ್ತದೆ. ಟಿವಿ ಹತ್ತಿರ ಇಟ್ಟ ಬೂಸ್ಟರಿಗೆ ಸಿಗುವುದು ಆ ಸೊರಗಿದ ಸಿಗ್ನಲ್. ಅದನ್ನು ಸರಿಪಡಿಸುವ ಶಕ್ತಿ ಅದಕ್ಕಿಲ್ಲ. ಜೊತೆಗೆ ತನ್ನದೇ ಒಂದಿಷ್ಟು ಗದ್ದಲವನ್ನೂ ಸೇರಿಸುತ್ತದೆ.

ಇನ್ನೊಂದು ತೊಂದರೆಯೂ ಇದೆ. ಇಲ್ಲಿ ಟಿವಿಗೆ ಈಗ ಉಳಿದಿರುವುದು 470ರಿಂದ 694 ಮೆಗಾಹರ್ಟ್ಜ್ ವರೆಗಿನ ತರಂಗಗಳು ಮಾತ್ರ. ಅದರ ಮೇಲಿನ 800ರ ಸುತ್ತಿನ ತರಂಗಗಳನ್ನು ಮೊದಲು 4ಜಿಗೆ ಕೊಟ್ಟರು. ಆಮೇಲೆ 700ರ ಸುತ್ತಿನವನ್ನೂ ಮೊಬೈಲಿಗೆ ಬಿಟ್ಟುಕೊಟ್ಟರು. 2020ರ ಆಗಸ್ಟಿನಲ್ಲಿ ಆ ಕೆಲಸ ಮುಗಿಯಿತು. ಹಳೆಯ ನಮೂನೆಯ ಬೂಸ್ಟರಿಗೆ ಈ ಗಡಿ ಗೊತ್ತಿಲ್ಲ. ಹತ್ತಿರದ ಮೊಬೈಲ್ ಟವರಿನ ಸಿಗ್ನಲನ್ನೂ ಟಿವಿ ಸಿಗ್ನಲ್ ಅಂತಲೇ ತಿಳಿದು ಏರಿಸುತ್ತದೆ. ಆ ಹೊರೆಗೆ ಟಿವಿಯ ಟ್ಯೂನರ್, ಅಂದರೆ ಸಿಗ್ನಲ್ ಹಿಡಿಯುವ ಭಾಗ, ತತ್ತರಿಸುತ್ತದೆ. ಬಲದ ಪಟ್ಟಿ ತುಂಬಿ ತುಳುಕುತ್ತಾ ಇರುತ್ತದೆ, ಚಿತ್ರ ಮಾತ್ರ ಇಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ನಾನು ಬಲದ ಪಟ್ಟಿ ನೋಡಿ ಸರಿಯಾಗುತ್ತಿದೆ ಅಂದುಕೊಂಡೆ. ಗುಣಮಟ್ಟದ ಪಟ್ಟಿಯ ಕಡೆ ಕಣ್ಣೇ ಹಾಯಿಸಲಿಲ್ಲ. ಹಾಸನದ ಮನೆಯಲ್ಲಿ ದೂರದರ್ಶನ ನೋಡುವಾಗ ಚುಕ್ಕೆ ಚುಕ್ಕೆಯಾದರೂ ಆಟ ಕಾಣುತ್ತಿತ್ತು. ಸಿಗ್ನಲ್ ಇಳಿದಷ್ಟೂ ಚಿತ್ರ ನಿಧಾನವಾಗಿ ಕೆಡುತ್ತಿತ್ತು. ಡಿಜಿಟಲ್‌ನಲ್ಲಿ ಆ ಮಧ್ಯದ ಸ್ಥಿತಿ ಇಲ್ಲ. ಗುಣಮಟ್ಟ ಒಂದು ಮಟ್ಟಕ್ಕಿಂತ ಮೇಲಿದ್ದರೆ ಚಿತ್ರ ಪೂರ್ತಿ ಚೆನ್ನಾಗಿರುತ್ತದೆ. ಸ್ವಲ್ಪ ಕೆಳಗಿಳಿದರೂ ಒಡೆಯುತ್ತದೆ, ಆಮೇಲೆ ಏನೂ ಇಲ್ಲ. ಹಾಗಾಗಿ ಆಗಾಗ ಚೆನ್ನಾಗಿ ಬರುತ್ತಿದ್ದ ಚಿತ್ರವನ್ನು ನಂಬಿ ಆಂಟೆನಾದ ಮೇಲೆ ನಾನು ಅನುಮಾನವನ್ನೇ ಪಡಲಿಲ್ಲ.

ನಿಜವಾದ ಕಾರಣ ಮಾಡಿನ ಮೇಲೆ ಕಣ್ಣಿಗೆ ಕಾಣುವಂತೆಯೇ ಇತ್ತು. ಪಕ್ಕದ ಮನೆಗಳ ಆಂಟೆನಾದ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ನಮ್ಮದರ ಕಡ್ಡಿಗಳು ಅಡ್ಡ ಮಲಗಿದ್ದವು.

ಶೆಫೀಲ್ಡಿಗೆ ಎರಡು ಕಡೆಯಿಂದ ಸಿಗ್ನಲ್ ಬರುತ್ತದೆ. ಒಂದು ಎಮ್ಲಿ ಮೂರ್. ಊರಿನಿಂದ ಸುಮಾರು 30 ಕಿ.ಮೀ. ದೂರ, ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿದಂತೆ. 300 ಮೀಟರಿಗೂ ಹೆಚ್ಚು ಎತ್ತರದ ಕಾಂಕ್ರೀಟ್ ಗೋಪುರ. ಅಲ್ಲಿ ಮೊದಲಿದ್ದ ಉಕ್ಕಿನ ಕಂಬ 1969ರ ಮಾರ್ಚಿನಲ್ಲಿ ಹಿಮ ಕಟ್ಟಿ ಬಿದ್ದ ಮೇಲೆ ಕಟ್ಟಿದ್ದು. ಯಾರ್ಕ್‌ಶೈರಿನ ದೊಡ್ಡ ಭಾಗಕ್ಕೆಲ್ಲ ಅದೇ ಆಧಾರ. ಇನ್ನೊಂದು ಊರೊಳಗೇ ಇದೆ, ಕ್ರಾಸ್‌ಪೂಲ್ ಗುಡ್ಡದ ಮೇಲೆ. ಎಮ್ಲಿ ಮೂರ್ ಮುಂದೆ ತುಂಬಾ ಸಣ್ಣದು. ಆದರೆ ಶೆಫೀಲ್ಡ್ ಪೂರ್ತಿ ಗುಡ್ಡ, ಕಣಿವೆ. ಎಷ್ಟೇ ದೊಡ್ಡ ಗೋಪುರವಿದ್ದರೂ ನಡುವೆ ಗುಡ್ಡ ಬಂದರೆ ಕಣಿವೆಯ ಮನೆಗಳಿಗೆ ಸಿಗ್ನಲ್ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಕ್ರಾಸ್‌ಪೂಲ್ ಬೇಕು.

ಎಮ್ಲಿ ಮೂರ್ ಅಲೆಗಳು ಅಡ್ಡಡ್ಡ ಕಂಪಿಸುತ್ತಾ ಬರುತ್ತವೆ. ಕ್ರಾಸ್‌ಪೂಲ್ ಅಲೆಗಳು ಮೇಲೆ ಕೆಳಗೆ ಕಂಪಿಸುತ್ತಾ ಬರುತ್ತವೆ. ಒಂದಕ್ಕೊಂದು ತಾಗದಿರಲಿ ಅಂತಲೇ ಈ ಏರ್ಪಾಡು. ಆಂಟೆನಾದ ಕಡ್ಡಿಗಳು ಅಲೆಗೆ ತಕ್ಕಂತೆ ಇರದಿದ್ದರೆ ಬಂದ ಸಿಗ್ನಲ್ಲಿನಲ್ಲಿ ದೊಡ್ಡ ಪಾಲು ಕೈಬಿಟ್ಟು ಹೋಗುತ್ತದೆ. ನಮ್ಮ ಬೀದಿಯಿಂದ ನೋಡಿದರೆ ಕ್ರಾಸ್‌ಪೂಲ್ ಮತ್ತು ಎಮ್ಲಿ ಮೂರ್ ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿವೆ. ಒಂದು ಹತ್ತಿರ, ಇನ್ನೊಂದು ಅದರಾಚೆ ಬಹಳ ದೂರ. ನಮ್ಮ ಆಂಟೆನಾ ಎದುರಿಗಿದ್ದ ಕ್ರಾಸ್‌ಪೂಲ್ ಬಿಟ್ಟು, ಗುಡ್ಡದಾಚೆಯ ಎಮ್ಲಿ ಮೂರಿನಿಂದ ಬಂದ ಅಲ್ಪಸ್ವಲ್ಪವನ್ನು ಹಿಡಿಯುತ್ತಾ ಕೂತಿತ್ತು. ಹಿಂದಿನ ಮನೆಯವರು ಡಿಶ್‌ನಲ್ಲಿ ನೋಡುತ್ತಿದ್ದರು. ಹಾಗಾಗಿ ಯಾರೂ ಗಮನಿಸಿರಲಿಲ್ಲ.

ಇದೆಲ್ಲ ನನಗೆ ಗೊತ್ತಾಗುವ ಹೊತ್ತಿಗೆ ಎರಡನೇ ಟೆಸ್ಟ್ ಮುಗಿಯುತ್ತಾ ಬಂದಿತ್ತು. ಅಶ್ವಿನ್ ತಮ್ಮ ಊರಿನ ಮೈದಾನದಲ್ಲಿ 106 ಹೊಡೆದ ಪಂದ್ಯ ಅದು. ಶತಕ ಆದಾಗ ಇನ್ನೊಂದು ತುದಿಯಲ್ಲಿದ್ದ ಸಿರಾಜ್ ತಮ್ಮದೇ ಶತಕ ಅನ್ನುವಂತೆ ಕುಣಿದಿದ್ದರು. ಅಪ್ಪ ಅದನ್ನು ನೇರವಾಗಿ ನೋಡಲಿಲ್ಲ. ಆ ದಿನ ನಾನು ಬೂಸ್ಟರಿನ ಗುಂಡಿ ತಿರುಗಿಸುತ್ತಾ ಟಿವಿಯ ಹಿಂದೆ ಕೂತಿದ್ದೆ. 'ಬಿಡಪ್ಪ, ಸಂಜೆ ಹೈಲೈಟ್ಸ್ ಬರುತ್ತೆ' ಅಂದರು. ಅವರಿಗೆ ಅದೆಷ್ಟು ಬೇಕಿತ್ತು ಅಂತ ನನಗೆ ಗೊತ್ತು. ಬೂಸ್ಟರಿನ ದುಡ್ಡು ಹೋಗಿದ್ದು ದೊಡ್ಡದಲ್ಲ. ಆ ಬೆಳಗಿನ ಜಾವಗಳು ಹೋದವಲ್ಲ, ಅದಕ್ಕೆ ಇವತ್ತಿಗೂ ಬೇಜಾರಿದೆ.

ಆಂಟೆನಾದವರು ಬಂದು ಕಡ್ಡಿಗಳನ್ನು ನೆಟ್ಟಗೆ ನಿಲ್ಲುವಂತೆ ತಿರುಗಿಸಿದರು. ತೆಳ್ಳಗಿದ್ದ ಹಳೆಯ ಕೇಬಲ್ ತೆಗೆದು ತಾಮ್ರದ ಎರಡು ಪದರದ ಕವಚ ಇರುವ ಕೇಬಲ್ ಹಾಕಿದರು. ಬೂಸ್ಟರ್ ಕಿತ್ತು ಕೈಗೆ ಕೊಟ್ಟರು. ಟಿವಿಯನ್ನು ಮೊದಲಿನಿಂದ ಟ್ಯೂನ್ ಮಾಡಿದರು. ಬಲದ ಪಟ್ಟಿ ಬೂಸ್ಟರ್ ಇದ್ದಾಗಿನದಕ್ಕಿಂತ ಕಡಿಮೆಯೇ ಇತ್ತು. ಗುಣಮಟ್ಟ ತುಂಬಿತ್ತು. ಅಹಮದಾಬಾದಿನ ಎರಡು ಟೆಸ್ಟನ್ನೂ ಅಪ್ಪ ಒಂದು ಚೆಂಡೂ ಬಿಡದೆ ನೋಡಿದರು.

ಈಗ ನಿಮ್ಮ ಮನೆಗೆ ಬರೋಣ. ನಾಳೆ ಬೆಳಕಿನಲ್ಲಿ ಬೀದಿಗೆ ಇಳಿದು ಐದಾರು ಮನೆಗಳ ಆಂಟೆನಾ ನೋಡಿ. ದಿಕ್ಕನ್ನಷ್ಟೇ ಅಲ್ಲ, ಕಡ್ಡಿಗಳು ಮಲಗಿವೆಯೋ ನಿಂತಿವೆಯೋ ನೋಡಿ. ನಿಮ್ಮದೊಂದೇ ಬೇರೆ ಥರ ಇದ್ದರೆ ಉತ್ತರ ಸಿಕ್ಕಿತು. ದಯವಿಟ್ಟು ನೀವೇ ಮಾಡಿನ ಮೇಲೆ ಹತ್ತಬೇಡಿ. ಇಲ್ಲಿ ಮಾಡಿಗೆ ಹೊದಿಸಿದ ಕಲ್ಲುಹಲಗೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ.

ಯಾವ ಚಾನೆಲ್‌ಗಳು ಒಟ್ಟಿಗೆ ಒಡೆಯುತ್ತವೆ ಅಂತಲೂ ಬರೆದಿಟ್ಟುಕೊಳ್ಳಿ. ಫ್ರೀವ್ಯೂನಲ್ಲಿ ಹಲವು ಚಾನೆಲ್ ಸೇರಿಸಿ ಒಂದು ಗೊಂಚಲು ಮಾಡಿ ಕಳಿಸುತ್ತಾರೆ. ಅದಕ್ಕೆ ಮಕ್ಸ್ ಅನ್ನುತ್ತಾರೆ. ಎಚ್‌ಡಿ ಚಾನೆಲ್ ಬಿಟ್ಟರೆ ಬಿಬಿಸಿಯದು ಒಂದು ಮಕ್ಸ್. ಐಟಿವಿ, ಚಾನೆಲ್ 4, ಚಾನೆಲ್ 5 ಇನ್ನೊಂದರಲ್ಲಿ. ಒಂದು ಮಕ್ಸ್ ಮಾತ್ರ ಒಡೆದರೆ ಆ ಒಂದು ತರಂಗಕ್ಕೆ ಏನೋ ಅಡ್ಡ ಬರುತ್ತಿದೆ. ಎಲ್ಲವೂ ಒಡೆದರೆ ಕೇಬಲ್ ಅಥವಾ ಆಂಟೆನಾ ಕಡೆ ನೋಡಿ. ಸಂಜೆ ಮಾತ್ರ ಅಂದಿದ್ದೀರಿ. ಮನೆಗೆ ಹಾಕಿದ ಯಾವುದಾದರೂ ಹೊಸ ಎಲ್‌ಇಡಿ ದೀಪ ಸಂಜೆ ಹೊತ್ತಿಕೊಳ್ಳುತ್ತಿದೆಯಾ? ಒಮ್ಮೆ ಆರಿಸಿ ನೋಡಿ. ಮೊಬೈಲ್ ಟವರಿನ ಕಾಟವಾದರೆ ಸಣ್ಣದೊಂದು ಫಿಲ್ಟರ್ ಸಾಕು. ಮೊಬೈಲ್ ಕಂಪನಿಗಳ ಹಣದಲ್ಲಿ ನಡೆಯುವ ರಿಸ್ಟೋರ್ ಟಿವಿ ಅನ್ನುವ ಸಹಾಯ ಸೇವೆಯಿಂದ ನಮ್ಮ ಬೀದಿಯ ಒಬ್ಬರಿಗೆ ಅದು ಪುಕ್ಕಟೆಯಾಗಿ ಬಂದಿತ್ತು.

ಚಿತ್ರ ಒಡೆಯುತ್ತಿರುವಾಗ ಮಾತ್ರ ರೀಟ್ಯೂನ್ ಒತ್ತಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಗಾಳಿಯ ಒತ್ತಡ ಹೆಚ್ಚಿರುವ ತಿಳಿಯಾದ ದಿನಗಳಲ್ಲಿ ದೂರದ ಗೋಪುರಗಳ ಸಿಗ್ನಲ್ ಬಾಗಿ ಇಲ್ಲಿಯವರೆಗೂ ಬರುತ್ತದೆ. ಆಗ ರೀಟ್ಯೂನ್ ಮಾಡಿದರೆ ಸರಿಯಾಗಿದ್ದ ಚಾನೆಲ್‌ಗಳನ್ನು ಟಿವಿ ಅಳಿಸಿ, ಲಿಂಕನ್‌ಶೈರಿನ ಬೆಲ್‌ಮಾಂಟ್ ಗೋಪುರದ್ದನ್ನು ಹಿಡಿದಿಟ್ಟುಕೊಳ್ಳಬಹುದು. ಲೀಡ್ಸ್ ಬದಲು ಹಲ್ ಊರಿನ ಸುದ್ದಿ ಬರುತ್ತಿದ್ದರೆ ಅದೇ ಆಗಿದೆ ಅಂತ ತಿಳಿಯಿರಿ. ಒಂದೆರಡು ದಿನ ಸುಮ್ನೆ ಬಿಟ್ಟರೆ ಹವಾಮಾನ ತಾನೇ ಬದಲಾಗುತ್ತದೆ.

ನಿಮಗೆ ಬಂದ ಇತರ ಉತ್ತರಗಳಲ್ಲಿ 'ಈ ಕಾಲದಲ್ಲಿ ಆಂಟೆನಾ ಯಾಕೆ, ಇಂಟರ್‌ನೆಟ್‌ನಲ್ಲಿ ನೋಡಿ' ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ ಆ್ಯಪ್, ಪಾಸ್‌ವರ್ಡ್ ಬೇಡ. ರಿಮೋಟಿನ ಗುಂಡಿ ಒತ್ತಿದರೆ ಚಿತ್ರ ಬರಬೇಕು. ಬ್ರಾಡ್‌ಬ್ಯಾಂಡ್ ನಿಂತರೂ ಬರಬೇಕು. ಗೋಡೆಯ ಮೇಲೆ ಹಳೆಯ ಡಿಶ್ ಇದ್ದರೆ, ಡಿಶ್‌ನಿಂದ ಪುಕ್ಕಟೆ ಚಾನೆಲ್ ಕೊಡುವ ಫ್ರೀಸ್ಯಾಟ್ ಪೆಟ್ಟಿಗೆ ತಂದು ಜೋಡಿಸಿ. ಬಿಬಿಸಿ, ಐಟಿವಿ, ಚಾನೆಲ್ 4 ಎಲ್ಲವೂ ಸಿಗುತ್ತವೆ, ಅದಕ್ಕೂ ತಿಂಗಳ ಬಾಡಿಗೆ ಇಲ್ಲ. ಡಿಶ್ ಇಲ್ಲದಿದ್ದರೆ ಆಂಟೆನಾವನ್ನೇ ಸರಿ ಮಾಡಿಸಿ.

ಆಂಟೆನಾ ಕೆಲಸದವರ ಸಂಘವಾದ ಸಿಎಐನ ಸದಸ್ಯತ್ವ ಇರುವವರನ್ನು ಕರೆಸಿ. ಬಂದವರಿಗೆ ಎರಡೇ ಪ್ರಶ್ನೆ ಕೇಳಿ. ಈ ಮನೆಗೆ ಕ್ರಾಸ್‌ಪೂಲ್ ಸರಿಯೋ ಎಮ್ಲಿ ಮೂರ್ ಸರಿಯೋ? ಕೇಬಲ್ ಬದಲಾಯಿಸಬೇಕಾ? ಮೀಟರ್ ಹಚ್ಚಿ ಗುಣಮಟ್ಟ ನೋಡದೆ ಮೊದಲೇ ಚೀಲದಿಂದ ಬೂಸ್ಟರ್ ಹೊರತೆಗೆದರೆ, ಬೇರೆಯವರನ್ನು ಕರೆಸಿ.