ಇಂಗ್ಲಿಷಿನಲ್ಲಿ ‘ರೀ’ ಇಲ್ಲ

(ನನ್ನ ಬಳಿ ಆಪ್ತಸಲಹೆಗೆ ಬಂದವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.)

ಹುಡುಗ ಗಂಗಾವತಿ ಕಡೆಯವನು, ವಯಸ್ಸು 23. ಕರೆತಂದಿದ್ದು ತಾಯಿ. “ಮೂರು ದಿನ ಆತ್ರಿ ಮೇಡಂ, ಸರಿಯಾಗಿ ಉಂಡಿಲ್ಲ. ಕಂಪ್ಯೂಟರ್‌ನ್ಯಾಗ ಯಾರೋ ಏನೋ ಅಂದಾರಂತ.” ಪ್ರೀತಿ ಪ್ರೇಮದ ವಿಷಯ ಇರಬೇಕು ಅಂದುಕೊಂಡೆ. ಅಲ್ಲ.

ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಅವನು ಎರಡು ವರ್ಷದಿಂದ ಕೋಡ್ ಬರೆಯುತ್ತಿದ್ದ. ಸಂಬಳ ಇಲ್ಲ. ನನಗಿದು ಹೊಸದು, ಬಿಡಿಸಿ ಹೇಳಪ್ಪ ಅಂದೆ. “ಗವಿಮಠದ ಜಾತ್ರಿ ದಾಸೋಹ ಇದ್ದಂಗ್ರಿ. ಊರೂರಿಂದ ರೊಟ್ಟಿ ಬರ್ತಾವಲ್ಲ, ಹಂಗ ಎಲ್ಲಾ ಕಡಿಂದ ಕೋಡ್ ಬರ್ತೈತಿ. ನಾ ಅದನ್ನ ನೋಡಿ ಒಳಗ ಬಿಡೋನು.”

ಹಾಗೆ ನೋಡುವಾಗ ಹೊಸಬರೊಬ್ಬರಿಗೆ ಮೂರು ಸಲ ಖಾರವಾಗಿ ಬರೆದಿದ್ದ. ಯಾರೋ ದೂರು ಕೊಟ್ಟರು. ಪ್ರಾಜೆಕ್ಟಿನ ಸಮಿತಿಯಿಂದ ಪತ್ರ ಬಂತು. “ನನ್ನ ಹೊರಗ ಹಾಕ್ಯಾರ್ರಿ” ಅಂತ ಫೋನ್ ಮುಂದೆ ಹಿಡಿದ.

ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಹೊರಗೆ ಹಾಕಿಯೇ ಇರಲಿಲ್ಲ! 2014ರಲ್ಲಿ ಕೊರಲೈನ್ ಅಡಾ ಎಮ್ಕೆ ಶುರುಮಾಡಿದ ‘ಕಾಂಟ್ರಿಬ್ಯೂಟರ್ ಕವನೆಂಟ್’ ಎಂಬ ನಡವಳಿಕೆ ನಿಯಮವನ್ನು ಬಹಳ ಪ್ರಾಜೆಕ್ಟುಗಳು ಬಳಸುತ್ತವೆ, ಇದೂ ಹಾಗೇ. ಅದರ 2.0 ಆವೃತ್ತಿಯಲ್ಲಿ ನಾಲ್ಕು ಮೆಟ್ಟಿಲು: ತಿದ್ದುವ ಮಾತು, ಎಚ್ಚರಿಕೆ, ಸ್ವಲ್ಪ ಕಾಲದ ನಿಷೇಧ, ಕಾಯಂ ನಿಷೇಧ. ಇವನು ನಿಂತಿದ್ದು ಎರಡನೆಯದರ ಮೇಲೆ. ಕೆಲವು ದಿನ ಆ ಹೊಸಬರ ಜೊತೆ ಮಾತಾಡಬೇಡ, ಅಷ್ಟೇ. ಮೂರು ದಿನದಿಂದ ಪತ್ರದ ಮೊದಲ ಸಾಲು ಬಿಟ್ಟು ಮುಂದೆ ಹೋಗಿರಲಿಲ್ಲ ಅವನು.

ಏನು ಬರೆದಿದ್ದೆ ಅಂತ ಕೇಳಿದೆ. ‘ಡೂ ಯು ಹ್ಯಾವ್ ಬ್ರೇನ್?’ ಅಂತ.

“ಇದನ್ನೇ ನಿಮ್ಮ ಭಾಷೆಯಲ್ಲಿ ಹೇಳು.”

“ತಲಿ ಐತೇನ್ರಿ?” ಅಂದು ತಾನೇ ನಕ್ಕ. ಆ ‘ರೀ’ ಅರ್ಧ ಖಾರ ಇಳಿಸುತ್ತದೆ, ಅಲ್ವಾ? ಇಂಗ್ಲಿಷಿಗೆ ಹೋಗುವಾಗ ಅದು ಇಲ್ಲೇ ಉಳಿಯುತ್ತದೆ. ಬೇರೆ ದೇಶದಲ್ಲಿ ಕೂತು ಓದುವವರಿಗೆ ಬರೀ ಕಪಾಳಕ್ಕೆ ಹೊಡೆದಂತೆ ಕೇಳಿಸುತ್ತದೆ. ಆದರೆ ತಪ್ಪೆಲ್ಲ ಭಾಷೆಯದು ಅಂತ ಅವನನ್ನು ಬಿಡಲಿಲ್ಲ. ಮೂರನೇ ಮಾತಿನಲ್ಲಿ ಕೋಡ್ ಸುದ್ದಿಯೇ ಇರಲಿಲ್ಲ, ಬರೀ ಆ ಮನುಷ್ಯನನ್ನು ಆಡಿಕೊಂಡಿದ್ದ. ಅದಕ್ಕೆ ಯಾವ ‘ರೀ’ ಹಚ್ಚಿದರೂ ಅಷ್ಟೇ.

“ಲಿನಸ್ ಟೊರ್ವಾಲ್ಡ್ಸ್ ಎಷ್ಟು ಬೈದಾರ್ರಿ! ಅವರಿಗ್ಯಾರು ಕೇಳಿದ್ರು?” ಅಂತ ವಾದಕ್ಕೆ ಬಂದ. ಮುಂದಿನ ಭೇಟಿಗೆ ನಾನೂ ಸ್ವಲ್ಪ ಓದಿಕೊಂಡು ಹೋದೆ. ಲಿನಕ್ಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ ಕಟ್ಟಿದ ಅದೇ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಒರಟು ಮಾತುಗಳಿಗೆ ಎಲ್ಲರೆದುರು ಕ್ಷಮೆ ಕೇಳಿ ಕೆಲ ವಾರ ರಜೆ ಹಾಕಿದರು. ಕರ್ನೆಲ್‌ಗೆ ಇದೇ ಕವನೆಂಟ್ ಆಧಾರದ ನಿಯಮ ಬಂದಿದ್ದೂ ಆಗಲೇ. “ಗೊತ್ತೈತ್ರಿ” ಅಂದ, ದನಿ ಇಳಿದಿತ್ತು.

ಅವನಿಗೆ ಜಾಸ್ತಿ ಉರಿಯುತ್ತಿದ್ದುದು ಬೇರೆ: ದೂರು ಕೊಟ್ಟವರು ಯಾರು? ಎರಡು ರಾತ್ರಿ ಅದನ್ನೇ ಹುಡುಕಿದ್ದ. ಕೊಟ್ಟವರ ಗುರುತು ಕಾಪಾಡಬೇಕು ಅಂತ ನಿಯಮದಲ್ಲೇ ಇದೆ. ನಮ್ಮ ಕಡೆ ‘ಎದುರಿಗೆ ಬಂದು ಹೇಳಲಿ’ ಅನ್ನುತ್ತೇವೆ. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಕೇಳಿದೆ: ದಾಸೋಹಕ್ಕೆ ಬಂದ ರೊಟ್ಟಿ ಎತ್ತಿ ಹಿಡಿದು ‘ಇದನ್ನ ಬಡಿದಾಕಿಗೆ ಕೈ ಅದಾವೇನು’ ಅಂತ ನೀನು ಜನರ ಮುಂದೆ ಕೂಗಿದರೆ, ಆ ಹೆಂಗಸು ನಿನ್ನೆದುರು ನಿಂತು ಜಗಳ ಆಡ್ತಾಳಾ? ಅವನು ಮಾತಾಡಲಿಲ್ಲ.

ಸಲಹೆ ದೊಡ್ಡದೇನಲ್ಲ. ದೂರು ಕೊಟ್ಟವರ ಹುಡುಕಾಟ ಇವತ್ತೇ ಬಿಡು. ರಾತ್ರಿ ಹತ್ತರ ಮೇಲೆ ಯಾರಿಗೂ ಉತ್ತರ ಬರೆಯಬೇಡ. ಕ್ಷಮೆ ಪತ್ರ ಸಮಿತಿಗೆ ಮಾತ್ರ ಹೋಗಲಿ, ಅದರಲ್ಲಿ ‘ಆದರೆ’ ಬೇಡ. ಅವನು ಎರಡು ಪುಟ ಬರೆದು ತಂದಿದ್ದ, ಮುಕ್ಕಾಲು ಸಮಜಾಯಿಷಿ. ಹೊಡೆದು ಹೊಡೆದು ನಾಲ್ಕು ಸಾಲಿಗೆ ಇಳಿಸಿದೆವು. ಇನ್ನು ಮುಂದೆ ‘ನೀನು’ ಅಂತ ಶುರುವಾಗುವ ವಾಕ್ಯ ಅಳಿಸಿ ಕೋಡ್‌ನಿಂದ ಶುರುಮಾಡು ಅಂದೆ. ತಾಯಿಗೆ ಹೇಳಿದ್ದು ಇಷ್ಟೇ: ಊಟಕ್ಕೆ ಕೂತಾಗ ಇದರ ಸುದ್ದಿ ಎತ್ತಬೇಡಿ.

ಐದನೇ ವಾರ ಹೊಸ ಟಿಪ್ಪಣಿಯೊಂದನ್ನು ತೋರಿಸಿದ. ‘ಪಟ್ಟಿ ಖಾಲಿ ಇದ್ದರೆ ಈ ಲೂಪ್ ನಿಲ್ಲುತ್ತದೆ, ಒಮ್ಮೆ ಪರೀಕ್ಷಿಸೋಣವೇ?’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ. “ಇದ್ರಾಗ ರೀ ಐತೇನ್ರಿ ಮೇಡಂ?” ಅಂದ. ಐತಪ್ಪ ಅಂದೆ.

ಸಮಿತಿ ಅವನ ಪತ್ರ ಒಪ್ಪಿಕೊಂಡಿದೆ. ಆ ಹೊಸಬರು ಮಾತ್ರ ಮತ್ತೆ ಕೋಡ್ ಕಳಿಸಿಲ್ಲ. ವಾರಕ್ಕೊಮ್ಮೆ ಹೋಗಿ ನೋಡುತ್ತಾನಂತೆ.