ಅರಿಶಿನ ಹಾಕಿ ತೊಳೆದರೆ ಸಾಕಾ?

ಅರಿಶಿನ, ಉಪ್ಪು ಹಚ್ಚಿ ನಲ್ಲಿ ಕೆಳಗೆ ಚೆನ್ನಾಗಿ ತೊಳೆದರೆ ಕೋಳಿಯಲ್ಲಿರುವ ಕ್ರಿಮಿ ಹೋಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ವಾಸನೆ ಕಡಿಮೆಯಾಗಬಹುದು, ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನೋ ಕ್ರಿಮಿ ಹೋಗುವುದಿಲ್ಲ. ಅದು ಸಾಯುವುದು ಒಲೆ ಮೇಲೆ, ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ. ನಲ್ಲಿ ಜೋರಾಗಿ ಬಿಟ್ಟರೆ ನೀರು ಸಿಡಿದು ಪಕ್ಕದ ಲೋಟ, ತಟ್ಟೆಗೂ ಕ್ರಿಮಿ ಹರಡುತ್ತದೆ.

ತೊಳೆಯದೆ ಮನಸ್ಸು ಒಪ್ಪಲ್ಲ, ಅಲ್ವಾ? ನಮ್ಮ ಮನೆಯಲ್ಲೂ ಅದೇ ಕಥೆ. ಹಾಗಾದರೆ ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೇ ಮೆಲ್ಲಗೆ ತೊಳೆಯಿರಿ. ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜಿ, ಕೈಯನ್ನೂ ಸೋಪಿನಲ್ಲಿ 20 ಸೆಕೆಂಡ್ ತೊಳೆಯಿರಿ.

ನನಗೆ ಇದಕ್ಕಿಂತ ಜಾಸ್ತಿ ಭಯ ಮಣೆಯದ್ದು. ಕೋಳಿ ಕತ್ತರಿಸಿದ ಮಣೆಯಲ್ಲೇ ಸುಮ್ನೆ ಈರುಳ್ಳಿ, ಸೌತೆಕಾಯಿ ಹೆಚ್ಚುತ್ತಾರೆ. ಅವನ್ನು ಹಸಿಯಾಗೇ ತಿನ್ನುತ್ತೇವಲ್ಲ! ಅವನ್ನು ಮೊದಲೇ ಹೆಚ್ಚಿಟ್ಟುಬಿಡಿ.