ಗ್ರೀನ್ ಕಾರ್ಡ್ ಬಂದಿದೆ, ಟೆಕ್ಸಾಸ್‌ನಲ್ಲಿದ್ದೇನೆ, ನನ್ನ ಕೈ ಚಿಕ್ಕದು. ಆತ್ಮರಕ್ಷಣೆಗೆ ಪರ್ಸಿನಲ್ಲಿ ಹಿಡಿಸುವ ಅತಿ ಚಿಕ್ಕ ಪಿಸ್ತೂಲು ಯಾವುದು?

ಅತಿ ಚಿಕ್ಕದು ಬೇಡ ಮೇಡಂ. ಹೊಸಬರು ಎಡವುವುದು ಅಲ್ಲೇ. ರೂಗರ್ ಎಲ್‌ಸಿಪಿಯಂಥ, .380 ಅಳತೆಯ ಗುಂಡಿನ ಪಿಸ್ತೂಲು ಖಾಲಿಯಿದ್ದಾಗ 300 ಗ್ರಾಂ ಕೂಡ ತೂಗುವುದಿಲ್ಲ. ಅಂಗಡಿಯಲ್ಲಿ ಹಿಡಿದು ನೋಡಿದರೆ ಮುದ್ದಾಗಿದೆ ಅನ್ನಿಸುತ್ತದೆ. ಹಾರಿಸಿದಾಗ ಮಾತ್ರ ಒದೆತ ತಡೆದುಕೊಳ್ಳಲು ಅದಕ್ಕೆ ತೂಕವಿಲ್ಲ, ಹಿಡಿಯಲ್ಲಿ ಕಿರುಬೆರಳಿಗೆ ಜಾಗವಿಲ್ಲ. ಮೂರ್ತಿ ಚಿಕ್ಕದಾದಷ್ಟೂ ಒದೆ ದೊಡ್ಡದು. ಒಂದು ಪೆಟ್ಟಿಗೆ ಗುಂಡು ಮುಗಿಯುವ ಹೊತ್ತಿಗೆ ಕೈ ನೋಯುತ್ತದೆ, ಆಮೇಲೆ ಅಭ್ಯಾಸವೇ ನಿಂತುಹೋಗುತ್ತದೆ. ಸ್ಮಿತ್ ಆಂಡ್ ವೆಸನ್ 642 ರಿವಾಲ್ವರಿನದೂ ಇದೇ ಕಥೆ: ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆಯುವ ತೊಂದರೆಯೇನೋ ಇಲ್ಲ, ಆದರೆ ಐದೇ ಗುಂಡು, ಟ್ರಿಗರ್ ಉದ್ದ ಮತ್ತು ಬಿಗಿ. ಅದನ್ನು ಎಳೆಯುವಷ್ಟರಲ್ಲಿ ನಳಿಗೆ ಗುರಿಯಿಂದ ಜಾರಿರುತ್ತದೆ.

ನನ್ನ ಮಟ್ಟಿಗೆ 9 ಮಿಮೀ ಗುಂಡು, ಸುಮಾರು 500 ಗ್ರಾಂ ತೂಕ, 3ರಿಂದ 3.5 ಇಂಚಿನ ನಳಿಗೆ, ಹತ್ತು ಗುಂಡಿನ ಮ್ಯಾಗಜಿನ್ ಸರಿಯಾದ ಅಳತೆ. ಸಿಗ್ ಪಿ365, ಗ್ಲಾಕ್ 43ಎಕ್ಸ್ ಈ ಗುಂಪಿನವು. ಸ್ಲೈಡ್ ಎಳೆಯಲು ಕೈಯಲ್ಲಿ ಬಲ ಸಾಲದಿದ್ದರೆ ಸ್ಮಿತ್ ಆಂಡ್ ವೆಸನ್‌ನ ಶೀಲ್ಡ್ ಇಝಡ್ ನೋಡಿ. ಸ್ವಲ್ಪ ಉದ್ದ, ಆದರೆ ಸ್ಲೈಡ್ ಹಗುರವಾಗಿ ಬರುತ್ತದೆ.

ಕೈಗೆ ಹೊಂದುತ್ತದೋ ಇಲ್ಲವೋ ಅಂಗಡಿಯಲ್ಲೇ ತಿಳಿಯಬಹುದು. ಮ್ಯಾಗಜಿನ್ ತೆಗೆಸಿ, ಸ್ಲೈಡ್ ಹಿಂದಕ್ಕೆಳೆದು ಗುಂಡು ಕೂರುವ ಚೇಂಬರ್ ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿ. ಆಮೇಲೆ ನಳಿಗೆ ನಿಮ್ಮ ಮುಂಗೈಯ ನೇರಕ್ಕೆ ಬರುವಂತೆ ಹಿಡಿಯಿರಿ. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿನ ನಡುವೆ ಕೂರಬೇಕು. ಕೂರಿಸಲು ಹಿಡಿತವನ್ನೇ ತಿರುಗಿಸಬೇಕಾಯಿತೆಂದರೆ ಆ ಪಿಸ್ತೂಲು ನಿಮ್ಮದಲ್ಲ. ಇದರಲ್ಲಿ ಗೆದ್ದ ಎರಡು ಮೂರನ್ನು ಬಾಡಿಗೆಗೆ ಕೊಡುವ ರೇಂಜಿನಲ್ಲಿ ಐವತ್ತೈವತ್ತು ಗುಂಡು ಹಾರಿಸಿ, ನಂತರ ದುಡ್ಡು ಬಿಚ್ಚಿ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಹಾರಿದ ಗುಂಡಿನ ಖಾಲಿ ಕೇಸು ಹೊರಬೀಳುವ ಕಿಂಡಿಯಲ್ಲೇ ನಿಂತುಬಿಡಬಹುದು. ಅಂಥ ಹೊತ್ತಿನಲ್ಲಿ ಮ್ಯಾಗಜಿನ್ನಿನ ಬುಡ ತಟ್ಟಿ, ಸ್ಲೈಡ್ ಜೋರಾಗಿ ಎಳೆದು ಬಿಡಬೇಕು. ಸಣ್ಣ ಪಿಸ್ತೂಲುಗಳಲ್ಲಿ ಇದು ಹೆಚ್ಚು, ಪಿಸ್ತೂಲಿನ ದೋಷವೆಂದು ಅಂಗಡಿಯವನ ಜೊತೆ ಜಗಳಕ್ಕಿಳಿಯಬೇಡಿ.

ಪರ್ಸಿನ ವಿಷಯ. ಕೀಲಿ, ಲಿಪ್‌ಸ್ಟಿಕ್ ಜೊತೆ ಪಿಸ್ತೂಲನ್ನು ಬಿಡಿಯಾಗಿ ಹಾಕಿದರೆ ಟ್ರಿಗರಿಗೆ ಏನು ಬೇಕಾದರೂ ಸಿಕ್ಕಿಕೊಳ್ಳಬಹುದು. ಪರ್ಸ್ ಕಸಿದವನ ಕೈಗೆ ಪಿಸ್ತೂಲೂ ಹೋಗುತ್ತದೆ. ಸೊಂಟವೇ ಮೇಲು. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚುವ ಗಟ್ಟಿ ಕೈಡೆಕ್ಸ್ (ಒಂದು ಬಗೆಯ ಗಡಸು ಪ್ಲಾಸ್ಟಿಕ್) ಹೋಲ್‌ಸ್ಟರ್, ಮಣಿಯದ ಬೆಲ್ಟ್ ತಗೊಳ್ಳಿ. ಮೆತ್ತಗಿನ ಚರ್ಮ ಅಥವಾ ನೈಲಾನ್ ಹೋಲ್‌ಸ್ಟರಿನ ಅಂಚು ಮಡಚಿ ಒಳಹೊಕ್ಕು, ವಾಪಸ್ ಇಡುವಾಗ ಟ್ರಿಗರ್ ಒತ್ತಿಬಿಡಬಹುದು. ಕುರ್ತಾದ ಅಂಚೂ ಅಷ್ಟೇ ಅಪಾಯ. ವಾಪಸ್ ಇಡುವಾಗ ನೋಡಿಕೊಂಡು ನಿಧಾನವಾಗಿ ಇಡಿ, ಅವಸರ ಏನೂ ಇಲ್ಲ.

ಕಾನೂನಿನಲ್ಲಿ ನಮ್ಮವರು ಸಿಕ್ಕಿಬೀಳುವುದು ಒಂದು ಕಡೆ. ಎಚ್-1ಬಿ, ಎಚ್-4, ಎಫ್-1, ಬಿ-2 ವೀಸಾದಲ್ಲಿರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ಗ್ರೀನ್ ಕಾರ್ಡಿನವರಿಗೆ ಈ ತಡೆಯಿಲ್ಲ, ಅಂಗಡಿಯಲ್ಲಿ ಕೊಳ್ಳುವಾಗ ತುಂಬುವ 4473 ಫಾರಂನಲ್ಲಿ ಗ್ರೀನ್ ಕಾರ್ಡಿನ ಮೇಲಿರುವ ಏಲಿಯನ್ ನಂಬರ್ ಬರೆಯಬೇಕು. ಆದರೆ ಊರಿಂದ ಬಂದ ಅಪ್ಪ ಅಮ್ಮ ಬಿ-2 ಪ್ರವಾಸಿ ವೀಸಾದವರು ಎಂಬುದು ನೆನಪಿರಲಿ, ಸೇಫಿನ ಕೋಡ್ ಅವರಿಗೆ ಹೇಳಬೇಡಿ. 17 ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಪಿಸ್ತೂಲು ಸಿಗುವಂತೆ ಇಟ್ಟರೆ ಟೆಕ್ಸಾಸ್‌ನಲ್ಲಿ ಕೇಸು. 2021ರ ಸೆಪ್ಟೆಂಬರ್‌ನಿಂದ ಅಲ್ಲಿ 21 ದಾಟಿದ ಅರ್ಹರಿಗೆ ಪಿಸ್ತೂಲು ಒಯ್ಯಲು ಪರ್ಮಿಟ್ ಕಡ್ಡಾಯವಲ್ಲ, ಆದರೂ ಎಲ್‌ಟಿಸಿ (ಒಯ್ಯುವ ಲೈಸೆನ್ಸ್) ಮಾಡಿಸಿ. ಅದರ ತರಗತಿಯಲ್ಲಿ ಬಂದೂಕು ಒಳಗೆ ತರಬೇಡಿ ಎನ್ನುವ 30.05, 30.06, 30.07 ಬೋರ್ಡುಗಳ ಅರ್ಥ ತಿಳಿಯುತ್ತದೆ.

ಒಯ್ಯಲು ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿರುವ) ಗುಂಡು. ನೀವು ಆರಿಸಿದ ಬ್ರ್ಯಾಂಡಿನದೇ ಒಂದೆರಡು ಪೆಟ್ಟಿಗೆ ತೊಡಕಿಲ್ಲದೆ ಹಾರಬೇಕು. ದಿನಾ ರಾತ್ರಿ ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಚೇಂಬರಿಗೆ ಹಾಕುತ್ತಿದ್ದರೆ ತುದಿಯ ಬುಲೆಟ್ ಕೇಸಿನೊಳಕ್ಕೆ ಸರಿದು, ಹಾರಿಸಿದಾಗ ಒತ್ತಡ ಮಿತಿ ಮೀರಬಹುದು. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿ ಕಂಡರೆ ಬೇರೆ ತೆಗೆದಿಡಿ.